ಅಸ್ಕರಿನ ಒಂಟಿ ಬೇಟೆಗಾರ

ಜಿಂಜ್

ಬಹರೈನಿಗೆ ಹೋಗಿ ಬಂದವರನ್ನು ನಮ್ಮ ಕಡೆ ಚಿನ್ನದ ಅಂಗಡಿಗಳ ಬಗ್ಗೆ ಕೇಳುತ್ತಾರೆ, ಸಮುದ್ರದ ಮೇಲೆ ಸೌದಿಯವರೆಗೆ ಹೋಗುವ ಸೇತುವೆಯ ಬಗ್ಗೆ ಕೇಳುತ್ತಾರೆ. ಎರಡನ್ನೂ ನಾನು ಕಾರಿನ ಕಿಟಕಿಯಿಂದ ನೋಡಿದ್ದೇನೆ, ಅಷ್ಟೆ. ಸರಿಯಾಗಿ ನೋಡಿದ್ದು ಎರಡು ನಾಯಿಗಳನ್ನು ಮತ್ತು ಅವುಗಳ ಯಜಮಾನನನ್ನು. ಮೂಡುಬಿದಿರೆಯ ಸುತ್ತಮುತ್ತ ಮೂವತ್ತು ವರ್ಷ ಜಾನುವಾರು ಪರಿವೀಕ್ಷಕನಾಗಿ ದನಗಳ ಬಾಲ ಎತ್ತಿದ ಮನುಷ್ಯ ವಿಮಾನ ಹತ್ತಿ ಹೋಗಿ ಮತ್ತೆ ನಾಯಿಯ ಬಾಯಿ ನೋಡಿ ಬಂದನಲ್ಲ ಎಂದು ಹೆಂಡತಿ ಈಗಲೂ ನಗುತ್ತಾಳೆ.

ನನ್ನ ತಂಗಿಯ ಮಗಳು ಲವಿಟಾ ಜಿಂಜ್‌ನ ಒಂದು ಕ್ಲಿನಿಕ್‌ನಲ್ಲಿ ನರ್ಸ್. ಚಳಿಗಾಲದಲ್ಲಿ ಒಂದು ತಿಂಗಳು ಇದ್ದು ಹೋಗಿ ಎಂದು ಕರೆಸಿಕೊಂಡಿದ್ದಳು. ಮೊದಲ ವಾರ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಬೆಳಗ್ಗೆ ಎದ್ದು ಫ್ಲ್ಯಾಟಿನ ಕೆಳಗೆ ನಡೆದಾಡುವುದು, ಕಸದ ತೊಟ್ಟಿಯ ಮೇಲೆ ಕುಳಿತ ಬೆಕ್ಕುಗಳನ್ನು ಎಣಿಸುವುದು. ನಮ್ಮೂರಿನ ಪೇಟೆಯಲ್ಲಿ ನಾಯಿಗಳು ಮಾಡುವ ಕಾರುಬಾರನ್ನೆಲ್ಲ ಜಿಂಜ್‌ನ ಬೀದಿಗಳಲ್ಲಿ ಬೆಕ್ಕುಗಳು ಮಾಡುತ್ತವೆ. ಅವುಗಳಲ್ಲಿ ಒಂದಕ್ಕೆ ಕಿವಿ ಹುಣ್ಣಾಗಿರುವುದನ್ನು ನಾನು ಎರಡು ಸಲ ಹೇಳಿದ ಮೇಲೆ ಲವಿಟಾಳಿಗೆ ನನ್ನ ಸ್ಥಿತಿ ಅರ್ಥವಾಯಿತೆಂದು ಕಾಣುತ್ತದೆ.

"ಮಾಮ, ನಿಮಗೊಂದು ಕೆಲ್ಸ ಉಂಟು," ಎಂದಳು. "ನನ್ನೊಟ್ಟಿಗೆ ಕೆಲ್ಸ ಮಾಡುವ ಮರ್ಯಮ್ ಇದ್ದಾಳಲ್ವಾ, ಅವಳ ಅಪ್ಪನನ್ನು ಸ್ವಲ್ಪ ನೋಡ್ಬೇಕಂತೆ."

"ನಾನು ಎಂತ ನೋಡುದು ಮಾರಾಯ್ತಿ? ನಾನು ನೋಡಿದ್ದೆಲ್ಲ ನಾಲ್ಕು ಕಾಲಿನವನ್ನು."

"ಅದಕ್ಕೇ. ಅವರು ಎರಡು ಕಾಲಿನವರನ್ನು ಹತ್ರ ಸೇರಿಸುದೇ ಇಲ್ಲ."

ಅಂದು ಸಂಜೆ ಮರ್ಯಮ್ ಬಂದು ವಿಷಯ ಬಿಡಿಸಿ ಹೇಳಿದಳು. ಅವಳ ಅಪ್ಪನನ್ನು ಎಲ್ಲರೂ ಅಬು ಖಾಲಿದ್ ಎನ್ನುತ್ತಾರೆ, ಖಾಲಿದನ ಅಪ್ಪ ಎಂದು ಅರ್ಥ. ಹೆಂಡತಿ ತೀರಿಹೋಗಿದ್ದಾಳೆ. ಅಸ್ಕರ್ ಎಂಬ ಊರಿನ ಆಚೆ, ಮರುಭೂಮಿ ಶುರುವಾಗುವಲ್ಲಿ ಸಣ್ಣ ಖರ್ಜೂರದ ತೋಟದಲ್ಲಿ ಒಬ್ಬರೇ ಇದ್ದಾರೆ. ಜೊತೆಗೆ ಎರಡು ಸಲೂಕಿ ನಾಯಿಗಳು. ಅರಬರು ಬಹಳ ಹಿಂದಿನಿಂದ ಬೇಟೆಗೆ ಸಾಕುತ್ತಾ ಬಂದ, ಸಪೂರ ಸೊಂಟದ, ಉದ್ದ ಕಾಲಿನ ಜಾತಿ. ಮುದುಕರು ದಿನಾ ಬೆಳಗ್ಗೆ ಅವನ್ನು ಕರೆದುಕೊಂಡು ಮರಳಿಗೆ ಹೋಗುತ್ತಾರೆ, ಒಬ್ಬರೇ. ಹೋದ ಚಳಿಗಾಲದಲ್ಲಿ ಉಡದಂಥ ಪ್ರಾಣಿಯ ಬಿಲದಲ್ಲಿ ಕಾಲು ಸಿಕ್ಕಿ ಬಿದ್ದು, ಎದ್ದೇಳಲಾಗದೆ ಮಧ್ಯಾಹ್ನದವರೆಗೆ ಅಲ್ಲೇ ಮಲಗಿದ್ದರು. ಹೆಣ್ಣು ನಾಯಿ ರೀಮ್ ಅವರನ್ನು ಬಿಟ್ಟು ಕದಲಲಿಲ್ಲ. ಗಂಡು ನಾಯಿ ಶಾಹೀನ್ ತೋಟಕ್ಕೆ ಓಡಿಹೋಯಿತು. ಅದು ಒಂಟಿಯಾಗಿ ಬಂದದ್ದನ್ನು ಕಂಡೇ ಪಕ್ಕದ ತೋಟದವರು ಹುಡುಕಿಕೊಂಡು ಹೋದದ್ದು.

"ಅಣ್ಣ ಖಾಲಿದ್ ಕುವೈತಿನಲ್ಲಿದ್ದಾನೆ. ನಾಯಿಗಳನ್ನು ನಾನು ಇಟ್ಟುಕೊಳ್ತೇನೆ, ಅಪ್ಪನನ್ನು ನಿನ್ನ ಮನೆಗೆ ಕರ್ಕೊಂಡು ಹೋಗು ಅಂತಾನೆ," ಎಂದಳು ಮರ್ಯಮ್. ಅವಳದು ಕ್ಲಿನಿಕ್‌ನಲ್ಲಿ ಕಲಿತ ಹಿಂದಿ. "ನೀವು ಒಂದು ದಿನ ಅವರ ಜೊತೆ ಹೋಗಿ ನೋಡಿ. ಒಬ್ಬರೇ ಹೋಗ್ಬಹುದು ಅಂತ ನೀವು ಹೇಳಿದ್ರೆ ನಾನು ಬಾಯಿ ಮುಚ್ಚಿಕೊಳ್ತೇನೆ. ಆಗುದಿಲ್ಲ ಅಂದ್ರೆ ಮುಂದಿನ ವಾರ ನಾಯಿಗಳು ಕುವೈತಿಗೆ."

ನನ್ನನ್ನು ಒಂದು ಮನೆಯ ನ್ಯಾಯಾಧೀಶನನ್ನಾಗಿ ಮಾಡುತ್ತಿದ್ದಾರೆ ಎಂದು ಗೊತ್ತಾಗಿಯೂ ನಾನು ಒಪ್ಪಿಕೊಂಡೆ. ಸಲೂಕಿ ನಾಯಿಯನ್ನು ಹತ್ತಿರದಿಂದ ನೋಡುವ ಆಸೆ ಅಷ್ಟಿತ್ತು.

ಅಸ್ಕರ್, ಶುಕ್ರವಾರ ಸಂಜೆ

ಮರ್ಯಮ್ ಕಾರಿನಲ್ಲಿ ಕರೆದುಕೊಂಡು ಹೋದಳು. ಅಲ್ಯುಮಿನಿಯಂ ಕಾರ್ಖಾನೆಯ ಚಿಮಣಿಗಳು ಕಂಡ ಮೇಲೆ ಅಸ್ಕರ್ ಬಂತು, ಅದನ್ನು ದಾಟಿದ ಮೇಲೆ ತೋಟ. ಅವಳು ನಾಯಿಗಳ ಹತ್ತಿರ ಹೋಗುವವಳಲ್ಲ. ಗೇಟಿನಲ್ಲೇ ಅಪ್ಪನ ಹಣೆಗೆ ಮುತ್ತಿಟ್ಟು, ಊಟದ ಪಾತ್ರೆ ಕೊಟ್ಟು, ನಾಳೆ ಮಧ್ಯಾಹ್ನ ಬರುತ್ತೇನೆಂದು ಹೊರಟುಹೋದಳು.

ಅಬು ಖಾಲಿದ್ ಎತ್ತರದ ಆಳು, ನೆಟ್ಟಗಿನ ಬೆನ್ನು. ಒಂದು ಕಿವಿಯ ಮಡಿಕೆಯಲ್ಲಿ ಅತ್ತರು ಹಚ್ಚಿದ ಹತ್ತಿ. ಅವರ ಹಿಂದಿ ಹಳೆಯ ಸಿನಿಮಾಗಳಿಂದ ಬಂದದ್ದು, ನನ್ನದು ರೇಡಿಯೋದಿಂದ. ಎರಡೂ ಸೇರಿ ಕೆಲಸಕ್ಕೆ ಸಾಕಾಯಿತು. ನಾನು ಡಾಕ್ಟರಲ್ಲ, ಬರೀ ಪರಿವೀಕ್ಷಕ ಎಂದು ಎರಡು ಸಲ ಹೇಳಿದೆ. ಅವರು ಎರಡು ಸಲವೂ ತಲೆ ಆಡಿಸಿ, "ಬನ್ನಿ ಡಾಕ್ಟರ್," ಎಂದರು.

ಚಾವಡಿಯಲ್ಲಿ ನೆಲದ ತುಂಬ ಕೆಂಪು ಜಮಖಾನ. ಅದರ ಒಳ್ಳೆಯ ಜಾಗದಲ್ಲಿ, ದಿಂಬಿಗೆ ಒರಗಿಕೊಂಡು, ನಾಯಿಗಳು ಮಲಗಿದ್ದವು. ಬೇರೆ ನಾಯಿಯಾದರೆ ಹೊಸ್ತಿಲು ದಾಟುವಂತಿಲ್ಲ, ಸಲೂಕಿಗೆ ಮಾತ್ರ ಆ ಮರ್ಯಾದೆಯಂತೆ. ನಮ್ಮ ಮನೆಯ ನಾಯಿ ಹದಿಮೂರು ವರ್ಷ ಬದುಕಿ ಒಂದು ದಿನವೂ ಒಳಗಿನ ಕೋಣೆ ನೋಡಲಿಲ್ಲ. ಗಂಡು ಕಪ್ಪು, ಎರಡು ವರ್ಷದ್ದು, ಕುಳಿತಲ್ಲಿ ಕೂರದ ಜಾತಿ. ರೀಮ್ ಕೆನೆ ಬಣ್ಣದ್ದು, ಒಂಬತ್ತು ವರ್ಷ. ಅದು ನನ್ನ ಪ್ಯಾಂಟಿನ ಅಂಚಿನಿಂದ ಶುರುಮಾಡಿ ಮೊಣಕೈವರೆಗೆ ನಿಧಾನವಾಗಿ ಮೂಸಿತು. ಆಮೇಲೆ ಹೋಗಿ ಮುದುಕರ ತೊಡೆಗೆ ಗಲ್ಲ ಇಟ್ಟಿತು.

ನಾಯಿಗಳಿಗೆಂದು ನಾನು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಒಯ್ದಿದ್ದೆ. ಅಬು ಖಾಲಿದ್ ಅದನ್ನು ಬಿಚ್ಚಿ, ಚಹಾದಲ್ಲಿ ಅದ್ದಿ, ತಾವೇ ತಿಂದರು. ನಾಯಿಗಳಿಗೆ ಖರ್ಜೂರ. ಒಂದೊಂದನ್ನೂ ಬೆರಳಲ್ಲಿ ಸೀಳಿ ಬೀಜ ತೆಗೆದು ಕೊಡುತ್ತಿದ್ದರು. ಆಮೇಲೆ ಬಟ್ಟಲಲ್ಲಿ ಮದರಂಗಿ ಕಲಸಿ ರೀಮ್‌ಳ ಅಂಗಾಲುಗಳಿಗೆ ಹಚ್ಚತೊಡಗಿದರು. ನಮ್ಮಲ್ಲಿ ಮದುಮಗಳಿಗೆ ಮಾಡುವ ಉಪಚಾರ ಇಲ್ಲಿ ನಾಯಿಗೆ. ಕಲ್ಲು ಮರಳಿನಲ್ಲಿ ಓಡುವಾಗ ಪಾದ ಸೀಳಬಾರದೆಂದು ಹಚ್ಚುವುದಂತೆ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಹೊಳೆಯದ ಔಷಧಿ.

"ಬೇಟೆಗೆ ಈಗ ಅನುಮತಿ ಇಲ್ಲವಲ್ಲ?" ಎಂದು ಕೇಳಿದೆ.

ಅವರು ಗೋಡೆಯ ಮೊಳೆಯಿಂದ ಎರಡು ಚರ್ಮದ ಪಟ್ಟಿಗಳನ್ನು ತೆಗೆದು ನನ್ನ ಕೈಗಿಟ್ಟರು. ನಮ್ಮಲ್ಲಿ ಎತ್ತಿಗೆ ಕಟ್ಟುವ ಬಾಯಿಕುಕ್ಕೆಯಂಥದ್ದು. "ಇದನ್ನು ಹಾಕಿ ಬಿಡ್ತೇನೆ. ಓಡ್ತಾರೆ, ಮುಟ್ತಾರೆ, ಬರ್ತಾರೆ. ಮೊಲ ಅದರ ಮನೆಗೆ, ನಾವು ನಮ್ಮ ಮನೆಗೆ. ಖಲಾಸ್." ಅದಕ್ಕೆ ಕಾನೂನು ಏನು ಹೇಳುತ್ತದೋ, ನಾನು ವಿಚಾರಿಸಲು ಹೋಗಲಿಲ್ಲ.

ನಮ್ಮೂರಿನಲ್ಲಿ ನನ್ನ ಬಾಲ್ಯದ ಬೇಟೆ ಎಂದರೆ ಇಪ್ಪತ್ತು ಜನ, ಕೂಗು, ಡಬ್ಬ ಬಡಿಯುವುದು, ಕೊನೆಗೆ ಪಾಲಿನ ಜಗಳ. ಒಬ್ಬರೇ ಯಾಕೆ ಹೋಗುತ್ತೀರಿ ಎಂದು ಕೇಳಿದೆ.

"ಇಬ್ಬರು ಹೋದ್ರೆ ಮಾತಾಡ್ತಾರೆ. ನಾಯಿ ಮನುಷ್ಯರ ಮುಖ ನೋಡ್ತದೆ. ಒಬ್ಬನೇ ಹೋದ್ರೆ ನಾನು ನಾಯಿಯನ್ನು ನೋಡ್ತೇನೆ, ನಾಯಿ ಮರಳನ್ನು ನೋಡ್ತದೆ." ಆಮೇಲೆ ಇನ್ನೊಂದು ಮಾತು ಹೇಳಿದರು. ಅವರ ಧರ್ಮದಲ್ಲಿ ನಾಯಿ ಹಿಡಿದ ಬೇಟೆಗೆ ಒಂದು ನಿಯಮ. ದೇವರ ಹೆಸರು ಹೇಳಿ ನಾಯಿಯನ್ನು ಬಿಡಬೇಕು, ನಾಯಿ ತಾನು ತಿನ್ನದೆ ಯಜಮಾನನಿಗೆ ಒಪ್ಪಿಸಬೇಕು. ಒಂದು ಚೂರು ತಿಂದರೂ ಆ ಮಾಂಸ ಮನುಷ್ಯನಿಗೆ ಸಲ್ಲದು. ಬೇಟೆಗೆ ಅಡ್ಡಿಯಿಲ್ಲದ ಕಾಲದಲ್ಲಿ, ಸೌದಿ ಕಡೆಯ ಮರಳಿನಲ್ಲಿ, ಎರಡು ದಿನ ಬರೀ ಖರ್ಜೂರ ತಿಂದುಕೊಂಡಿದ್ದಾಗ ಅವರಿಗೊಂದು ಮೊಲ ಸಿಕ್ಕಿತಂತೆ. ನಾಯಿ ಅದರ ಕಿವಿಯ ತುದಿ ಕಚ್ಚಿ ತಿಂದಿತ್ತು. ಎಸೆದುಬಿಟ್ಟರಂತೆ.

"ಅಲ್ಲಿ ಯಾರು ನೋಡ್ತಿದ್ರು?" ಎಂದೆ.

"ನಾನು ನೋಡಿದ್ದೆನಲ್ಲ," ಎಂದರು ಅಬು ಖಾಲಿದ್, ಮತ್ತೊಂದು ಬಿಸ್ಕತ್ತು ಅದ್ದುತ್ತಾ.

ಅಸ್ಕರ್, ಶನಿವಾರ ಬೆಳಗ್ಗೆ

ಜಮಖಾನದ ಮೇಲೆ ಮಲಗಿ ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಎದ್ದವನೇ ಊರಿನಿಂದ ತಂದಿದ್ದ ನೋವಿನ ಮುಲಾಮನ್ನು ಎರಡೂ ಮೊಣಕಾಲಿಗೆ ಧಾರಾಳವಾಗಿ ತಿಕ್ಕಿಕೊಂಡೆ. ಚಾವಡಿಯಲ್ಲಿ ರೀಮ್ ಸೀನಿತು. ಇನ್ನೊಮ್ಮೆ ಸೀನಿತು. ಬೇಟೆಗೆ ಹೊರಟವನು ಇಂಥ ಘಾಟಿನ ವಸ್ತು ಮೈಗೆ ಹಚ್ಚಿಕೊಳ್ಳಬಾರದೆಂದು ನನಗೆ ಆಗ ಹೊಳೆಯಿತು. ಕ್ಷಮೆ ಕೇಳಿದೆ.

"ಮುಶ್ಕಿಲ್ ಇಲ್ಲ," ಎಂದರು ಅವರು. "ಸಲೂಕಿ ಮೂಗಿನಿಂದ ಬೇಟೆಯಾಡುದಿಲ್ಲ. ಕಣ್ಣಿನಿಂದ."

ಸೂರ್ಯ ಆಗಷ್ಟೇ ಎದ್ದಿದ್ದ. ಅವರು ಎರಡೂ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಿ, ಕೊರಳಪಟ್ಟಿಯ ಬಳೆಯೊಳಗೆ ಒಂದೇ ಹಗ್ಗ ತೂರಿಸಿ, ಅದರ ಎರಡು ತುದಿಗಳನ್ನೂ ಒಂದು ಮುಷ್ಟಿಯಲ್ಲಿ ಹಿಡಿದರು. ಒಂದು ತುದಿ ಬಿಟ್ಟರೆ ಸಾಕು, ಎರಡೂ ಸ್ವತಂತ್ರ. ಇನ್ನೊಂದು ಕೈಯಲ್ಲಿ ಕೋಲು. ನಾವು ನಡೆದೆವು. ಮಾತಿಲ್ಲ. ಅರ್ಧ ಗಂಟೆಯಲ್ಲಿ ನಾನು ಮೂರು ಸಲ ಎಡವಿದೆ, ಅವರು ಒಂದು ಸಲವೂ ಇಲ್ಲ. ಆ ನೆಲ ಅವರ ಪಾದಕ್ಕೆ ಬಾಯಿಪಾಠ. ಆಗುತ್ತದೆ ಎಂದು ಮರ್ಯಮ್‌ಗೆ ಹೇಳಿಬಿಡೋಣ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಬರೆದುಕೊಳ್ಳುತ್ತಿದ್ದೆ.

ನಿಂತು ನೀರು ಕುಡಿಯುವಾಗ ಬಾಟಲಿಯನ್ನು ಅವರ ಮುಂದೆ ಚಾಚಿದೆ. ಅವರ ಕೈ ಬಾಟಲಿಯ ಪಕ್ಕಕ್ಕೆ ಬಂತು. ನಾನು ಬಾಟಲಿ ಅಲ್ಲಾಡಿಸಿದೆ. ನೀರಿನ ಸದ್ದಿಗೆ ಕೈ ಸರಿಯಾಗಿ ಬಂದು ಹಿಡಿಯಿತು. ದನಗಳ ವಿಷಯದಲ್ಲಾಗಿದ್ದರೆ ನಾನು ಅಲ್ಲೇ ನಿಂತು ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಿದ್ದೆ. ಇವರು ದನವಲ್ಲ. ಸುಮ್ಮನೆ ಪಕ್ಕದಿಂದ ಗಮನಿಸಿದೆ. ಅವರು ದೂರಕ್ಕೆ ಕಣ್ಣು ಹಾಯಿಸುತ್ತಲೇ ಇರಲಿಲ್ಲ. ಬಗ್ಗಿ ರೀಮ್‌ಳ ಕಿವಿಗಳನ್ನೇ ನೋಡುತ್ತಿದ್ದರು. ಅಷ್ಟು ಹತ್ತಿರದ್ದು ಮಾತ್ರ ಅವರಿಗೆ ಮಸುಕಾಗಿ ಕಾಣುತ್ತಿದ್ದಿರಬೇಕು.

ಆಗ ನಮ್ಮ ಎಡಕ್ಕೆ, ಒಣಗಿದ ಪೊದೆಯ ಬುಡದಿಂದ, ಮರಳಿನ ಬಣ್ಣದ ಮೊಲವೊಂದು ಎದ್ದಿತು. ನಾನು ಕಂಡೆ. ಶಾಹೀನ್ ಕಂಡಿತು. ಅಬು ಖಾಲಿದರ ಮುಖ ಬಲಕ್ಕಿತ್ತು. ಹಗ್ಗ ಜಗ್ಗಿದ್ದು ಕೈಗೆ ಗೊತ್ತಾದ ಕೂಡಲೇ ಅವರು "ಬಿಸ್ಮಿಲ್ಲಾ" ಎಂದು ತುದಿ ಬಿಟ್ಟರು.

ಸಲೂಕಿ ಓಡುವುದನ್ನು ನೋಡಿದವನು ಆಮೇಲೆ ಬೇರೆ ನಾಯಿ ಓಡಿದರೆ ಓಟ ಎನ್ನಲಾರ. ಮರಳಿಗೆ ಕಾಲು ತಾಗುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಪ್ಪು ಮುಂದೆ, ಕೆನೆ ಬಣ್ಣದ್ದು ಅದರ ಭುಜಕ್ಕೆ ಭುಜ ಕೊಟ್ಟು ಪಕ್ಕದಲ್ಲಿ. ನನಗೆ ಮೊಣಕಾಲು ಮರೆತೇ ಹೋಯಿತು. ಇಷ್ಟಕ್ಕಾಗಿ ಒಬ್ಬ ಮನುಷ್ಯ ದಿನಾ ಬೆಳಗ್ಗೆ ಕಾಲು ಮುರಿದುಕೊಳ್ಳಲು ತಯಾರಾಗುವುದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೊಲ ಥಟ್ಟನೆ ಬಲಕ್ಕೆ ತಿರುಗಿತು. ಶಾಹೀನ್ ತಿರುಗಿತು. ರೀಮ್ ತಿರುಗಲಿಲ್ಲ. ಅದೇ ವೇಗದಲ್ಲಿ ನೇರ ಓಡಿತು. ಆ ಕಡೆ ಮೊಣಕಾಲೆತ್ತರದ ತೈಲದ ಪೈಪುಗಳ ಸಾಲು. ನಾನು ಬಾಯಿ ತೆರೆಯುವಷ್ಟರಲ್ಲಿ ಪೈಪಿಗೆ ಎದೆ ಬಡಿದು ಆಚೆ ಉರುಳಿತು.

"ಮುಟ್ಟಿದ್ರಾ?" ಎಂದು ಮುದುಕರು ಪಿಸುಮಾತಿನಲ್ಲಿ ಕೇಳಿದರು. ಪೈಪಿನ ಕಡೆ ಅವರು ನೋಡಲೂ ಇಲ್ಲ.

ರೀಮ್ ಎದ್ದು ನಿಂತಿತು. ಮೈ ಕೊಡವಿಕೊಂಡು, ಪೈಪನ್ನು ಮೂಗಿನಿಂದ ತಡವಿ, ಕೆಳಗಿನಿಂದ ನುಸುಳಿ, ಬಂದ ದಾರಿಯನ್ನು ಮೂಸುತ್ತಾ ನಮ್ಮ ಕಡೆ ಬಂತು. ಹತ್ತು ಹೆಜ್ಜೆಯ ದೂರದಲ್ಲಿ ನನ್ನ ಮುಲಾಮಿನ ಘಾಟು ಮೂಗಿಗೆ ಬಡಿದಿರಬೇಕು. ಸೀನಿ ನಿಂತುಬಿಟ್ಟಿತು. ಆಮೇಲೆ ಮೂಗೆತ್ತಿ ನಮ್ಮ ಸುತ್ತ ತಿರುಗತೊಡಗಿತು. ಮರವಿಲ್ಲ, ಮರೆಯಿಲ್ಲ. ಎಳೆಬಿಸಿಲಿನಲ್ಲಿ ನಾವಿಬ್ಬರು ಕಂಬಗಳಂತೆ ನಿಂತಿದ್ದೇವೆ. ನಾಯಿ ತನ್ನ ಯಜಮಾನನನ್ನು ಹುಡುಕುತ್ತಿದೆ. ಅದರ ಯಜಮಾನ ನನ್ನ ತೋಳು ಮುಟ್ಟಿ ಕೇಳಿದರು:

"ರೀಮ್ ಎಲ್ಲಿದ್ದಾಳೆ?"

ಆ ದನಿ ಕೇಳಿದ್ದೇ ತಡ, ಅವಳು ನೇರವಾಗಿ ಬಂದು ಅವರ ಕಾಲಿಗೆ ಒರಗಿದಳು. ಆ ಹೊತ್ತಿನಿಂದ ನಾನೂ ಅವಳನ್ನು ಅವಳು ಎಂದೇ ಕರೆಯುತ್ತಿದ್ದೇನೆ.

ಪೆಟ್ಟಾಗಿದೆಯೇ ನೋಡುತ್ತೇನೆ ಎಂದು ಕುಕ್ಕೆ ಬಿಚ್ಚಿ, ಗಲ್ಲದ ಕೆಳಗೆ ಕೈಕೊಟ್ಟು ಮುಖವನ್ನು ಬಿಸಿಲಿಗೆ ಎತ್ತಿದೆ. ಎರಡೂ ಕಣ್ಣಿನ ಪಾಪೆಗಳ ಹಿಂದೆ ಗಟ್ಟಿ ಬಿಳಿ ಪೊರೆ. ವಯಸ್ಸಾದ ನಾಯಿಗಳ ಕಣ್ಣು ಸ್ವಲ್ಪ ನೀಲಿಗಟ್ಟುವುದುಂಟು, ಅದರಿಂದ ತೊಂದರೆಯಿಲ್ಲ, ಇದು ಅದಲ್ಲ. ನಮ್ಮಲ್ಲಿ ಒಂದು ಸುಲಭದ ಪರೀಕ್ಷೆ ಇದೆ: ಕಣ್ಣ ಮುಂದೆ ಹತ್ತಿ ಉಂಡೆ ಬೀಳಿಸುವುದು. ಸದ್ದಿಲ್ಲ, ಗಾಳಿಯಿಲ್ಲ, ಕಾಣುವ ಪ್ರಾಣಿ ಅದನ್ನು ಕಣ್ಣಲ್ಲಿ ಹಿಂಬಾಲಿಸುತ್ತದೆ. ಅಲ್ಲಿದ್ದ ಒಂದೇ ಹತ್ತಿ ಮುದುಕರ ಕಿವಿಯಲ್ಲಿ, ಅದಕ್ಕೂ ಅತ್ತರು. ಜೇಬಿನ ಟಿಶ್ಯೂ ಕಾಗದವನ್ನು ಉಂಡೆ ಮಾಡಿ ಬಿಟ್ಟೆ. ರೀಮ್‌ಳ ಕಣ್ಣು ಕದಲಲಿಲ್ಲ. ಇನ್ನೊಮ್ಮೆ ಬಿಟ್ಟೆ. ಇಲ್ಲ.

ಎಷ್ಟು ತಿಂಗಳಿನಿಂದ ಅವಳು ಶಾಹೀನನ ಕಾಲಿನ ಸದ್ದು ಹಿಡಿದುಕೊಂಡು ಓಡುತ್ತಿದ್ದಳೋ. ಎಷ್ಟು ತಿಂಗಳಿನಿಂದ ಅವರು ಅವಳ ಕಿವಿಯನ್ನು ನಂಬಿಕೊಂಡು ನಡೆಯುತ್ತಿದ್ದರೋ.

"ಹೇಗಿದ್ದಾಳೆ, ಡಾಕ್ಟರ್?"

ಅವರು ಮರಳಿನಲ್ಲಿ ಮಂಡಿಯೂರಿ ಕುಳಿತಿದ್ದರು. ಕೈ ಅವಳ ಬೆನ್ನಿನ ಮೇಲಿತ್ತು. ನಾನು ಹೇಳಬೇಕಿತ್ತು.

"ಚೆನ್ನಾಗಿದ್ದಾಳೆ," ಎಂದೆ. "ಎದೆಗೆ ಸ್ವಲ್ಪ ತರಚಿದೆ, ಅಷ್ಟೆ."

ಶಾಹೀನ್ ಏದುಸಿರು ಬಿಡುತ್ತಾ ತಿರುಗಿ ಬಂತು. ಮುದುಕರು ಹಗ್ಗ ತೂರಿಸಿ ಎದ್ದರು. ತೋಟದ ಹತ್ತಿರ ಬಂದ ಮೇಲೆ, "ನನ್ನ ಮಗಳು ನಿನ್ನನ್ನು ಯಾಕೆ ಕಳಿಸಿದ್ದಾಳೆ ಅಂತ ನನಗೆ ಗೊತ್ತು. ಏನು ಹೇಳ್ತೀ?" ಎಂದರು.

"ನೋಡಿದ್ದನ್ನು ಹೇಳ್ತೇನೆ."

"ನೋಡಿದ್ದನ್ನೆಲ್ಲ?"

"ಎಲ್ಲ," ಎಂದೆ. ಒಂದೇ ಬೆಳಗ್ಗೆ ಎರಡನೇ ಸುಳ್ಳು.

ಹೂರಾ

ಮಾರನೆಯ ದಿನ ಡ್ಯೂಟಿ ಮುಗಿಸಿ ಲವಿಟಾ, ಮರ್ಯಮ್ ಇಬ್ಬರೂ ನನ್ನನ್ನು ಹೂರಾಕ್ಕೆ ಕರೆದುಕೊಂಡು ಹೋದರು. ಅಂಗಡಿ ಸಾಲಿನಲ್ಲಿ ಮಲಯಾಳ, ಬಂಗಾಳಿ, ತುಳು ಎಲ್ಲ ಒಟ್ಟಿಗೆ ಕೇಳುವ ಜಾಗ. ಕೇರಳದವನೊಬ್ಬನ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಾರಿಗೇ ಬರುತ್ತದೆ. ಇಳಿದು ಹತ್ತು ಹೆಜ್ಜೆ ನಡೆಯಲು ಅಲ್ಲಿ ಯಾರೂ ತಯಾರಿಲ್ಲ. ಮರಳಿನಲ್ಲಿ ದಿನಾ ನಡೆಯುವ ಒಬ್ಬ ಮುದುಕನ ತೀರ್ಪು ಆ ಕಾರಿನೊಳಗೆ ಆಯಿತು.

ನಾನು ಬಾಟಲಿಯ ಸಂಗತಿ ಹೇಳಿದೆ, ಮೊಲದ ಸಂಗತಿ ಹೇಳಿದೆ. "ಕಾಲಿಗೆ ಏನೂ ಆಗಿಲ್ಲ. ಕಣ್ಣಿಗೆ ಪೊರೆ ಬಂದಿರಬೇಕು. ಹೀಗೇ ಬಿಟ್ಟರೆ ಒಬ್ಬರೇ ಹೋಗ್ಲಿಕ್ಕೆ ಆಗುದಿಲ್ಲ. ಆದ್ರೆ ಮೊದಲು ಕಣ್ಣು ತೋರಿಸಿ, ಆಮೇಲೆ ಕುವೈತಿನ ಮಾತು."

ಮರ್ಯಮ್ ಚಹಾದ ಲೋಟವನ್ನು ಸ್ಟಿಯರಿಂಗ್‌ಗೆ ಆನಿಸಿ ಹಿಡಿದುಕೊಂಡಳು. "ದಿನಾ ಎಷ್ಟು ಜನರ ಕಣ್ಣಿಗೆ ಟಾರ್ಚ್ ಹಾಕ್ತೇನೆ," ಎಂದಳು. "ಅಪ್ಪನ ಮುಖ ನಾನು ಸರಿಯಾಗಿ ನೋಡ್ಲೇ ಇಲ್ಲ. ಹಣೆಗೆ ಮುತ್ತು ಕೊಡುದು, ಪಾತ್ರೆ ಕೊಡುದು, ಬರುದು." ಅವಳು ಅತ್ತಳು. ಲವಿಟಾ ಅವಳ ಭುಜ ಹಿಡಿದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಲವಿಟಾ ಕೇಳಿದಳು. "ನಾಯಿಗಳು ಹೇಗುಂಟು ಮಾಮ?"

"ನಾಯಿಗಳಿಗೆ ಎಂತ? ಗಟ್ಟಿ ಉಂಟು."

ಯಾಕೆ ಹಾಗೆ ಹೇಳಿದೆ? ಕುರುಡು ನಾಯಿ ಎಂದು ಗೊತ್ತಾದರೆ ಖಾಲಿದ್ ಅವಳನ್ನು ಕೇಳುವುದಿಲ್ಲ, ಮನೆಯವರು ಒಂದು ಇಂಜೆಕ್ಷನ್ ಕೊಡಿಸಿಬಿಡಬಹುದು. ಅಂಥ ಇಂಜೆಕ್ಷನ್‌ಗಳನ್ನು ನಾನೇ ಎಷ್ಟೋ ಕೊಟ್ಟಿದ್ದೇನೆ. ಇದು ನನಗೆ ನಾನು ಹೇಳಿಕೊಂಡ ಕಾರಣ. ನಿಜವಾದ ಕಾರಣ, ಆ ಮುದುಕರ ಕೈ ಅವಳ ಬೆನ್ನಿನ ಮೇಲಿದ್ದದ್ದನ್ನು ನೋಡಿ ನನಗೆ ಧೈರ್ಯ ಸಾಲದೇ ಹೋದದ್ದು. ಆ ಚಹಾ ನನಗೆ ರುಚಿಸಲಿಲ್ಲ. ತಿಂಗಳ ಕೊನೆಗೆ ವಿಮಾನ ಹತ್ತುವಾಗಲೂ ಅದೇ ತಲೆಯಲ್ಲಿತ್ತು. ಆ ಪೈಪುಗಳು ಅಲ್ಲೇ ಇವೆ, ಅವಳು ಓಡುವವಳೇ.

ಮೂಡುಬಿದಿರೆ

ಬಂದು ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಲವಿಟಾಳ ವಿಡಿಯೋ ಕಾಲ್ ಬಂತು. ಅವಳೂ ಮರ್ಯಮ್‌ಳೂ ತೋಟದಲ್ಲಿದ್ದರು. ಎರಡೂ ಕಣ್ಣಿನ ಆಪರೇಷನ್ ಆಗಿದೆ, ಅಬು ಖಾಲಿದ್ ನಿಮ್ಮ ಮುಖ ನೋಡಬೇಕಂತೆ ಎಂದು ಫೋನನ್ನು ಅವರ ಕೈಗೆ ಕೊಟ್ಟಳು.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ನೀನು ಇಷ್ಟು ಕಪ್ಪಗಿದ್ದೀ ಅಂತ ಗೊತ್ತಿರ್ಲಿಲ್ಲ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

"ನನ್ನ ಕಣ್ಣಿನ ವಿಷಯ ಮಗಳಿಗೆ ಹೇಳಿದೆ. ಒಳ್ಳೇದಾಯ್ತು. ಅವಳ ಕಣ್ಣನ್ನೂ ನೋಡಿದ್ದೆ, ಅಲ್ವಾ?"

"ನೋಡಿದ್ದೆ."

"ಬಿಸಿಲಿಗೆ ಹಿಡಿದು ನೋಡಿದ್ದು ನನಗೆ ಗೊತ್ತು. ನಿನ್ನ ಕೈ ಅವಳ ಗಲ್ಲದ ಕೆಳಗಿತ್ತು."

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಫೋನನ್ನು ತಿರುಗಿಸಿದರು. ಜಮಖಾನದ ಮೇಲೆ ರೀಮ್ ಒಬ್ಬಳೇ ಮಲಗಿದ್ದಳು. ಮೂತಿಯ ಸುತ್ತ ಪೂರ್ತಿ ಬೆಳ್ಳಗಾಗಿದ್ದದ್ದು ನನಗೂ ಮೊದಲ ಸಲ ಕಂಡದ್ದು ಆಗಲೇ. ಕೆನೆ ಬಣ್ಣದಲ್ಲಿ ಅದು ಸೇರಿಹೋಗಿತ್ತು.

"ಅವಳಿಗೂ ಆಪರೇಷನ್ ಮಾಡಿಸ್ಬಹುದು," ಎಂದೆ. "ಅಲ್ಲಿ ಒಳ್ಳೆ ಡಾಕ್ಟರಿದ್ದಾರೆ."

"ಕೇಳಿದೆ. ಹೃದಯ ಸರಿ ಇಲ್ಲ, ಮಲಗಿಸಿದ್ರೆ ಏಳುದಿಲ್ಲ ಅಂದ್ರು." ಫೋನು ಮತ್ತೆ ಅವರ ಮುಖಕ್ಕೆ ಬಂತು. "ಶಾಹೀನನನ್ನು ಖಾಲಿದ್‌ಗೆ ಕೊಟ್ಟೆ. ಅವನಿಗೆ ಕಣ್ಣುಂಟು, ಓಡ್ಲಿ."

"ನೀವು ಈಗ ಮರಳಿಗೆ ಹೋಗುದಿಲ್ವಾ?"

"ಹೋಗ್ತೇವೆ. ದಿನಾ." ಅವರು ಮರ್ಯಮ್ ಇದ್ದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೊನ್ನೆ ಒಂದು ಮೊಲ ಕಂಡೆ, ಡಾಕ್ಟರ್. ಎಷ್ಟೋ ವರ್ಷದ ಮೇಲೆ ನಾನೇ ಕಂಡದ್ದು. ಪೊದೆಯ ಬುಡದಲ್ಲಿ ಕೂತಿತ್ತು, ಕಿವಿಯ ನರ ಕಾಣುವಷ್ಟು ಹತ್ತಿರ. ಗಾಳಿ ನಮ್ಮ ಕಡೆಯಿಂದ ಅದರ ಕಡೆಗಿತ್ತು. ಅವಳಿಗೆ ವಾಸನೆ ಬರ್ಲಿಲ್ಲ."

"ಬಿಟ್ರಾ?"

"ಹಗ್ಗ ಗಟ್ಟಿ ಹಿಡಿದು ಬೇರೆ ಕಡೆ ನಡೆದೆ," ಎಂದರು. "ಅವಳಿಗೆ ಹೇಳ್ಲಿಲ್ಲ."